ಪ್ರಾಗ್‌ನಿಂದ ವಿಯೆನ್ನಾಕ್ಕೆ: ಚಿಕ್ಕಪ್ಪನ ಪಟ್ಟಿಗೆ ನನ್ನ ಕತ್ತರಿ

ಚಿಕ್ಕಪ್ಪ, ನಿಮ್ಮ ಪಟ್ಟಿಯನ್ನು ಬೆಳಿಗ್ಗೆ ನೋಡಿದೆ. ಪ್ರಾಗ್‌ನಿಂದ ನಮ್ಮ ಮನೆಗೆ, ಅಂದರೆ ವಿಯೆನ್ನಾಕ್ಕೆ, ಕಾರಿನಲ್ಲಿ ಬರುವಾಗ ಒಂದೇ ದಿನದಲ್ಲಿ ಎಂಟು ಊರು! ಓದಿದ ನನಗೇ ಕಾಲು ನೋವು ಬಂತು. ಟೈಪ್ ಮಾಡುತ್ತಾ ಕೂರುವಷ್ಟು ಪುರುಸೊತ್ತಿಲ್ಲ, ಒಲೆಯ ಮುಂದೆ ನಿಂತೇ ಹೇಳುತ್ತೇನೆ. ನಡುವೆ ಕುಕ್ಕರ್ ಕೂಗಿದರೆ ಗಾಬರಿಯಾಗಬೇಡಿ.

ಹೆದ್ದಾರಿಯಲ್ಲಿ ಬ್ರನೋ ಮೂಲಕ ಬಂದರೆ ಸುಮಾರು 330 ಕಿಲೋಮೀಟರ್, ಎಲ್ಲೂ ನಿಲ್ಲದಿದ್ದರೆ ನಾಲ್ಕು ಗಂಟೆ. ದೂರ ಕಡಿಮೆ ಎಂದೇ ಎಲ್ಲರೂ ಆಸೆಬುರುಕರಾಗುವುದು. ಇದನ್ನು ಎರಡು ದಿನದ ಪ್ರಯಾಣ ಮಾಡಿಕೊಳ್ಳಿ, ರಾತ್ರಿ ಬ್ರನೋದಲ್ಲಿ ತಂಗಿ.

ಮೊದಲ ದಿನಕ್ಕೆ ಕುಟ್ನಾ ಹೋರಾ ಒಂದೇ ಸಾಕು. ಪಟ್ಟಿಯಲ್ಲಿ ಅದರ ಮುಂದೆ ‘ಎಲುಬಿನ ಚರ್ಚ್’ ಎಂದಷ್ಟೇ ಬರೆದಿದ್ದೀರಿ. ಹೌದು, ಅಲ್ಲಿನ ಸೆಡ್ಲೆಟ್ಸ್‌ನಲ್ಲಿ 1870ರಲ್ಲಿ ರಿಂಟ್ ಎಂಬ ಮರಗೆಲಸದವನು ಸಾವಿರಾರು ಜನರ ಎಲುಬುಗಳನ್ನು ಜೋಡಿಸಿ ತೂಗುದೀಪವನ್ನೇ ಮಾಡಿಟ್ಟಿದ್ದಾನೆ. ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ಚಿಕ್ಕಮ್ಮ ‘ರಾಮ ರಾಮ’ ಎನ್ನುತ್ತಾ ಐದು ನಿಮಿಷದಲ್ಲಿ ಹೊರಗೆ ಬಂದಿರುತ್ತಾರೆ. ಅವರನ್ನು ನೇರವಾಗಿ ಸಂತ ಬಾರ್ಬರಾ ಚರ್ಚ್‌ಗೆ ಕರೆದುಕೊಂಡು ಹೋಗಿ. ಆಕೆ ಗಣಿ ಕೆಲಸಗಾರರನ್ನು ಕಾಯುವ ಸಂತಳು. ಊರಿನ ಬೆಳ್ಳಿಯ ದುಡ್ಡಿನಲ್ಲಿ 1388ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1905ರಲ್ಲಿ! ಒಳಗೆ ರಾಜರಾಣಿಯರದ್ದಲ್ಲ, ಬಿಳಿ ಅಂಗಿ ತೊಟ್ಟ ಒಬ್ಬ ಸಾಮಾನ್ಯ ಗಣಿ ಕೆಲಸಗಾರನ ಪ್ರತಿಮೆ ನಿಂತಿದೆ. ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬರುವ ಅಪ್ಪನಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದ ಕೆಜಿಎಫ್ ಹುಡುಗಿ, ನಮ್ಮ ಚಿಕ್ಕಮ್ಮ, ಅದರ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೋ, ಅವಸರ ಮಾಡಬೇಡಿ. ಹಳೆಯ ಬೆಳ್ಳಿ ಗಣಿಯೊಳಗೂ ಇಳಿಸುತ್ತಾರೆ, ಆದರೆ ಸುರಂಗ ಬಹಳ ಇಕ್ಕಟ್ಟು. ನಿಮ್ಮ ಮಂಡಿಗೆ ಅದು ಬೇಡ.

ಇನ್ನು ಎರಡನೆಯ ದಿನ ಬೆಳಿಗ್ಗೆಗೆ ಬ್ರನೋ. ನಿಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ! ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಬಟಾಣಿ ಗಿಡ, ಎತ್ತರ, ಗಿಡ್ಡ, 3:1 ಎಂದು ಬೋರ್ಡು ತುಂಬಿಸಿದವರು ನೀವು. ಆ ಬಟಾಣಿ ಬೆಳೆದದ್ದು ಬ್ರನೋದ ಮಠದ ಅಂಗಳದಲ್ಲಿ. 1856ರಿಂದ 1863ರವರೆಗೆ, ಆನುವಂಶಿಕತೆಯ ನಿಯಮ ಕಂಡುಹಿಡಿದ ಸನ್ಯಾಸಿ ಮೆಂಡೆಲ್ ಇಲ್ಲಿ ಸುಮಾರು 28,000 ಗಿಡಗಳನ್ನು ಎಣಿಸಿ ಬರೆದಿಟ್ಟ. ಮೇಷ್ಟ್ರಾಗುವ ಪರೀಕ್ಷೆಯಲ್ಲಿ ಎರಡು ಸಲ ಕೂತರೂ ಪಾಸಾಗಲಿಲ್ಲ ಪಾಪ. ನಡುವೆ ಎರಡು ವರ್ಷ ಓದಲು ಬಂದದ್ದು ನಮ್ಮ ವಿಯೆನ್ನಾಕ್ಕೇ. 1866ರಲ್ಲಿ ಅಚ್ಚಾದ ಲೇಖನವನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. 1884ರಲ್ಲಿ ಆತ ತೀರಿಕೊಂಡ, ಜಗತ್ತಿಗೆ ಎಚ್ಚರವಾದದ್ದು 1900ರಲ್ಲಿ. ದೊಡ್ಡ ತೋಟವನ್ನು ಮಾತ್ರ ಕಲ್ಪಿಸಿಕೊಂಡು ಬರಬೇಡಿ. ಮೊದಲ ಸಲ ಎದುರಿನ ಗಿಜಿಗುಟ್ಟುವ ಟ್ರಾಮ್ ನಿಲ್ದಾಣದಲ್ಲಿ ಇಳಿದಾಗ ‘ಇಷ್ಟೇನಾ’ ಅನಿಸಿತ್ತು. ಒಂದು ಅಮೃತಶಿಲೆಯ ಪ್ರತಿಮೆ, ಹಳೆಯ ಗಾಜಿನ ಮನೆಯ ತಳಪಾಯದ ಗುರುತು, ಸಣ್ಣ ವಸ್ತುಸಂಗ್ರಹಾಲಯ. ನಿಮಗೆ ಅಷ್ಟು ಸಾಕು, ನನಗೆ ಗೊತ್ತು.

ಅದೇ ಬೆಳಿಗ್ಗೆ 11ಕ್ಕೆ ಪೆಟ್ರೊವ್ ಗುಡ್ಡದ ಕ್ಯಾಥೆಡ್ರಲ್‌ನಲ್ಲಿ ಮಧ್ಯಾಹ್ನದ ಗಂಟೆ ಹೊಡೆಯುತ್ತದೆ. ಕೈಗಡಿಯಾರ ತಿರುಗಿಸಲು ಹೋಗಬೇಡಿ. 1645ರಲ್ಲಿ ಮುತ್ತಿಗೆ ಹಾಕಿದ ಸ್ವೀಡನ್ ಸೇನಾಪತಿ, ಮಧ್ಯಾಹ್ನದೊಳಗೆ ಊರು ಸಿಗದಿದ್ದರೆ ಹೊರಟುಹೋಗುತ್ತೇನೆ ಎಂದಿದ್ದನಂತೆ. ಊರಿನವರು ಒಂದು ಗಂಟೆ ಮೊದಲೇ ಬಾರಿಸಿ ಸಾಗಹಾಕಿದರು ಎಂದು ಕಥೆ.

ನಿಮ್ಮ ಪಟ್ಟಿಯ ಉಳಿದ ಊರುಗಳಲ್ಲಿ ಟೆಲ್ಚ್ ಚೆಂದದ್ದು, ಆದರೆ ಸುತ್ತು ದಾರಿ. ನೆಪೋಲಿಯನ್ ಗೆದ್ದ ಆಸ್ಟರ್ಲಿಟ್ಜ್ ರಣರಂಗ ಈಗ ಬರೀ ಹೊಲ. ಮಕ್ಕಳು ಹಟ ಹಿಡಿದರೆ ಲೆಡ್ನಿಟ್ಸೆಯಲ್ಲಿ ನಿಲ್ಲಿಸಿ. ಮಸೀದಿಯೇ ಇಲ್ಲದ 60 ಮೀಟರ್ ಮಿನಾರನ್ನು ರಾಜಕುಮಾರನೊಬ್ಬ ಉದ್ಯಾನದ ಶೋಕಿಗೆ ಕಟ್ಟಿಸಿದ್ದಾನೆ. ಮಿಕುಲೊವ್ ದ್ರಾಕ್ಷಾರಸದ ಊರು. ಕಾರು ಓಡಿಸುವ ಭಾವನಿಗೆ ಹೇಳಿ, ಚೆಕ್ ದೇಶದಲ್ಲಿ ಚಾಲಕನಿಗೆ ಒಂದು ಹನಿಯೂ ಇಲ್ಲ. ಹೆದ್ದಾರಿ ಶುಲ್ಕವನ್ನು ಎರಡೂ ದೇಶಗಳಿಗೆ ಬೇರೆ ಬೇರೆ ಕಟ್ಟಬೇಕು. ಗಡಿ ದಾಟುತ್ತೇವೆ ಎಂದು ಬಾಡಿಗೆ ಕಾರಿನವರಿಗೆ ಮೊದಲೇ ತಿಳಿಸಿ, ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ.

ಅಯ್ಯೋ, ಕುಕ್ಕರ್. ಒಂದೇ ಮಾತು: ಪ್ರಾಗ್‌ನಿಂದ ಹೊರಡುವುದು ಭಾನುವಾರ ಅಲ್ಲ ತಾನೆ? ಹಾಗಾದರೆ ಬ್ರನೋ ನೋಡುವುದು ಸೋಮವಾರ, ಅಂದು ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ರಜೆ. ಅಷ್ಟು ದೂರ ಬಂದು ಮೆಂಡೆಲ್ ಮನೆಯ ಬೀಗ ನೋಡಿ ಹೋಗುವಂತಾಗಬಾರದು. ತಾರೀಖು ಈಗಲೇ ತಿಳಿಸಿ.