ಆರು ಗಂಟೆಯಲ್ಲಿ ಮಂಗಳೂರು, ನಡುವೆ ಎಕ್ಕಾರಿನ ದೊಡ್ಡಪ್ಪ

ಸಂದೇಶವನ್ನು ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದು ಬೆಂಗಳೂರು ಅತ್ತೆ. ಮೇಲೆ ಜೋಡಿ ಬಾಣ, ಕೆಳಗೆ ವಿಮಾನದ ಎಮೋಜಿಗಳ ಸಾಲು.

"ಮಂಗಳೂರಿನಲ್ಲಿ ವಿಮಾನ ಬದಲಿಸಲು 6 ಗಂಟೆ ಇದೆಯೇ? ಸುಮ್ಮನೆ ಕೂರಬೇಡಿ!! ಕಟೀಲು ದೇವಿ ದರ್ಶನ, 5000 ವರ್ಷ ಹಳೆಯ ಕದ್ರಿ ವಿಗ್ರಹ, ಸಂತ ಅಲೋಶಿಯಸ್ ಚಾಪೆಲ್, ಸುಲ್ತಾನ್ ಬತ್ತೇರಿ, ಪಣಂಬೂರು ಬೀಚ್, ಉಡುಪಿ ಕೃಷ್ಣ ಮಠ, ಕೊನೆಗೆ ಒಂದು ಗಡ್‌ಬಡ್ ಐಸ್‌ಕ್ರೀಮ್. ಎಲ್ಲ ಮುಗಿಸಿ ಅರ್ಧ ಗಂಟೆ ಮೊದಲೇ ವಾಪಸ್! ಎಲ್ಲರಿಗೂ ಕಳಿಸಿ."

ಬೆಂಗಳೂರು ಅತ್ತೆ: ವಿದ್ಯಾ, ನಿನಗೋಸ್ಕರ ಹಾಕಿದ್ದು. ಜೂನಲ್ಲಿ ಬರ್ತೀಯಲ್ಲ, ಉಪಯೋಗ ಆಗತ್ತೆ.

ವಿದ್ಯಾ ದುಬೈ: ಥ್ಯಾಂಕ್ಸ್ ಅತ್ತೆ. ಬೆಳಿಗ್ಗೆ 8ಕ್ಕೆ ಇಳಿಯುವುದು, ಬೆಂಗಳೂರು ಫ್ಲೈಟ್ 2ಕ್ಕೆ. ಎರಡು ದೊಡ್ಡ ಸೂಟ್‌ಕೇಸ್ ಉಂಟು. ಅದನ್ನು ಎಲ್ಲಿ ಇಡುವುದು?

ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಎಂದರೆ ಇದೊಂದೇ. ಆದ್ದರಿಂದ ಯಾರೂ ಅದರ ತಂಟೆಗೆ ಹೋಗಲಿಲ್ಲ.

ರಾಘು: ಇದನ್ನು ಬರೆದದ್ದು ಯಾರು? ಏರ್‌ಪೋರ್ಟಿಂದ ಉಡುಪಿಗೆ ಹೋಗಿ ಬರ್ಲಿಕ್ಕೇ ನೂರು ಕಿಲೋಮೀಟರ್ ದಾಟ್ತದೆ. ಅವನು ಹೆಲಿಕಾಪ್ಟರಲ್ಲಿ ಹೋದನಾ?

ಬೆಂಗಳೂರು ಅತ್ತೆ: ನಾನು ಬರೆದದ್ದಲ್ಲ ಮಾರಾಯ. ಬಂದದ್ದನ್ನು ಹಾಕಿದೆ.

ರಾಘು: ಅಮೃತಬಳ್ಳಿ ಕಷಾಯದ್ದೂ ಬಂದದ್ದನ್ನೇ ಹಾಕಿದ್ದು.

ಬೆಂಗಳೂರು ಅತ್ತೆ: ಈಗ ಕಷಾಯ ಎಂತಕ್ಕೆ?

ರಾಘು: ಮತ್ತೆ ಕದ್ರಿ ವಿಗ್ರಹ 5000 ವರ್ಷದ್ದಲ್ಲ. ಲೋಕೇಶ್ವರನ ಪೀಠದಲ್ಲೇ ಶಾಸನ ಉಂಟು, ಆಳುಪ ದೊರೆ ಕುಂದವರ್ಮನದ್ದು, ಕ್ರಿ.ಶ. 968. ಹೋದವರು ಪೀಠ ನೋಡುವುದಿಲ್ಲ, ಸೆಲ್ಫಿ ನೋಡ್ತಾರೆ.

ಸುರತ್ಕಲ್ ಮಾವ: ದೇವರ ವಿಷಯದಲ್ಲಿ ಲೆಕ್ಕ ಬೇಡ ರಾಘು. ನಮ್ಮ ಕಾಲದಲ್ಲಿ ದೇವಸ್ಥಾನಕ್ಕೆ ಹೋಗುವುದೆಂದರೆ ಅದಕ್ಕೇ ಅಂತ ಹೋಗ್ತಿದ್ದೆವು. ಎರಡು ವಿಮಾನದ ಮಧ್ಯೆ ಸಮಯ ಉಳಿಯಿತು ಅಂತ ದೇವರನ್ನು ನೋಡುವುದಲ್ಲ. ಈಗಿನವರಿಗೆ ಭಕ್ತಿಯೂ ಟೈಂಪಾಸ್.

ಮಾವನ ಈ ಮಾತಿಗೆ ಏಳು ಕೈಮುಗಿದ ಎಮೋಜಿ ಬಿದ್ದವು. ಅದರಲ್ಲಿ ಒಂದು ಪ್ರಸಾದನದ್ದು. ಅವನು ಆ ಹೊತ್ತಲ್ಲಿ ಬಾಯಿ ಬಿಡದೆ ಇದ್ದದ್ದೇ ಜಾಣತನವಾಗಿತ್ತು, ಕೈ ಮುಗಿದು ಕೆಟ್ಟ.

ಎಕ್ಕಾರು ದೊಡ್ಡಪ್ಪ: ಕಟೀಲಿಗೆ ದಾರಿ ಯಾವುದು ಅಂತ ಈ ಮೆಸೇಜಲ್ಲಿ ಬರೆದಿಲ್ಲ. ನಾನು ಹೇಳ್ತೇನೆ. ಬಜ್ಪೆ, ಎಕ್ಕಾರು, ಕಟೀಲು. ಎಕ್ಕಾರು ದಾಟದೆ ಕಟೀಲು ಸಿಗುವುದಿಲ್ಲ.

ಗುಂಪು ತಣ್ಣಗಾಯಿತು. ಯಾರಿಗೆ ಹೇಳಿದ್ದೆಂದು ಎಲ್ಲರಿಗೂ ಗೊತ್ತು. ಹೋದ ವರ್ಷ ಪ್ರಸಾದ ಮಸ್ಕತ್ತಿನಿಂದ ಬಂದವನು ಇದೇ ರೀತಿ ನಡುವೆ ಸಿಕ್ಕಿದ ಹೊತ್ತಿನಲ್ಲಿ ಕಟೀಲಿಗೆ ಹೋಗಿ, ನಂದಿನಿ ನದಿಯ ಸೇತುವೆಯಲ್ಲಿ ನಿಂತು ಸ್ಟೇಟಸ್ ಹಾಕಿದ್ದ. ದೊಡ್ಡಪ್ಪನ ಮನೆಯ ಗೇಟಿನ ಎದುರೇ ಹೋಗಿದ್ದಾನೆ, ಬರುವಾಗಲೂ ಅದೇ ದಾರಿ.

ಪ್ರಸಾದ: ದೊಡ್ಡಪ್ಪ, ಆವತ್ತು ನಿಜವಾಗಿ ಟೈಮ್ ಇರ್ಲಿಲ್ಲ.

ಎಕ್ಕಾರು ದೊಡ್ಡಪ್ಪ: ಎಳನೀರು ಕುಡಿಯುವ ಫೋಟೋ ಮೂರು ಇತ್ತು.

ಸುಮಾ: ಅಯ್ಯೋ ಬಿಡಿ. ಹಳೇ ಬಜ್ಪೆ ಏರ್‌ಪೋರ್ಟ್ ನೆನಪುಂಟಾ? ಕೆಂಜಾರಿನ ಹೊಸ ಟರ್ಮಿನಲ್ ಆಗುವ ಮೊದಲು? ಒಬ್ಬ ಗಲ್ಫಿಗೆ ಹೋಗುವುದಾದರೆ ಕಳಿಸ್ಲಿಕ್ಕೆ ಎರಡು ಜೀಪು ಜನ. ಚಿಕ್ಕಮ್ಮ ಪತ್ರೊಡೆ ಕಟ್ಟಿಕೊಂಡು ಬರ್ತಿದ್ದರು. ವಿಮಾನ ಮೇಲೆ ಹೋದ ಮೇಲೆ ಅಲ್ಲೇ ಮರದ ಕೆಳಗೆ ಬಿಚ್ಚಿ ತಿನ್ನುವುದು. ಹೋದವನಿಗಿಂತ ಕಳಿಸಿದವರಿಗೇ ಜಾಸ್ತಿ ಖುಷಿ.

ಸುರತ್ಕಲ್ ಮಾವ: 1951ರಲ್ಲಿ ನೆಹರೂ ಬಜ್ಪೆಯಲ್ಲಿ ಇಳಿದದ್ದನ್ನು ನನ್ನ ಅಪ್ಪ ಕಣ್ಣಾರೆ ನೋಡಿದ್ದಾರೆ. ಡಕೋಟಾ ವಿಮಾನ.

ರಾಘು: ಡಿಸೆಂಬರ್ 25, ಸರಿ. ಆದರೆ ನೋಡಿದ್ದು ಅಜ್ಜ ಅಂತ ದೀಪಾವಳಿಗೆ ಬಂದಾಗ ಹೇಳಿದ್ರಿ.

ಸುರತ್ಕಲ್ ಮಾವ: ಇಬ್ಬರೂ ಹೋಗಿದ್ದರು.

ಇಷ್ಟಾದ ಮೇಲೆ ನಾನು ಒಂದು ಲೆಕ್ಕ ಹಾಕಿದೆ. ದುಬೈಯಿಂದ ಬಂದವರಿಗೆ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಮಂಗಳೂರಲ್ಲೇ. ಬ್ಯಾಗ್ ಕೈಗೆ ಬಂದು ಹೊರಗೆ ಕಾಲಿಡುವಾಗ 9 ಆಗುತ್ತದೆ. 2ರ ಫ್ಲೈಟಿಗೆ ಬ್ಯಾಗ್ ಕೊಡುವ ಕೌಂಟರ್ 1ಕ್ಕೆ ಮುಚ್ಚುತ್ತದೆ, 12ಕ್ಕೆ ಬಂದರೆ ನೆಮ್ಮದಿ. ಆರು ಗಂಟೆ ಅಂದದ್ದು ಮೂರಕ್ಕೆ ಇಳಿಯಿತು. ಕಟೀಲು ಒಂದು ದಿಕ್ಕು, ಪೇಟೆ ಇನ್ನೊಂದು ದಿಕ್ಕು. ಎರಡರಲ್ಲಿ ಒಂದನ್ನು ಬಿಡಲೇಬೇಕು. ಪೇಟೆಗೆ ಇಳಿದರೆ ಚಾಪೆಲ್ ಒಂದನ್ನಾದರೂ ಸಮಾಧಾನದಲ್ಲಿ ನೋಡಬಹುದು. ಗೋಡೆ, ಮಾಡು ತುಂಬ ಚಿತ್ರ ಬರೆದದ್ದು ಇಟಲಿಯಿಂದ ಬಂದ ಅಂತೋನಿಯೊ ಮೋಸ್ಕೇನಿ ಎಂಬ ಜೆಸ್ವಿಟ್ ಬ್ರದರ್. ಕತ್ತು ಎತ್ತಿ ನೋಡುವುದಕ್ಕೇ ಅರ್ಧ ಗಂಟೆ ಬೇಕು. ಕಟೀಲಿಗಾದರೆ ದರ್ಶನ ಮಾಡಿ ಹೊರಡಬೇಕು. ಮಧ್ಯಾಹ್ನದ ಪೂಜೆ ಕಾದು ಅನ್ನಪ್ರಸಾದಕ್ಕೆ ಕೂತರೆ ಫ್ಲೈಟ್ ಹೋಯಿತು.

ಇದನ್ನೆಲ್ಲ ಟೈಪ್ ಮಾಡಿ ಕಳಿಸಿದೆ. ಒಂದು ಹೆಬ್ಬೆಟ್ಟು ಬಂತು, ಅದೂ ಅತ್ತೆ ತಪ್ಪಿ ಒತ್ತಿದ್ದಂತೆ.

ಸುಮಾ: ಮೂರು ಗಂಟೆಯಲ್ಲಿ ಗಡ್‌ಬಡ್ ಒಂದಂತೂ ಆಗ್ತದೆ. ಮಂಗಳೂರು ಪೇಟೆಯ ಐಡಿಯಲ್‌ದು. ಉದ್ದ ಗ್ಲಾಸಿನ ತಳದ ಜೆಲ್ಲಿಗೆ ಚಮಚ ಮುಟ್ಟುವಾಗಿನ ಸುಖ!

ರಾಘು: ಗಡ್‌ಬಡ್ ಉಡುಪಿ ಡಯಾನಾದ್ದು.

ಸುಮಾ: ಇಲ್ಲಿ ಮೂಲ ಕೇಳ್ಲಿಕ್ಕೆ ಇಲ್ವಾ? ನೀನು ಹೇಳಿದ್ದೆಲ್ಲ ಶಾಸನವಾ?

ಐಸ್‌ಕ್ರೀಮಿಗೆ ಸುಮಾರು ನಲವತ್ತು ಮೆಸೇಜ್ ಖರ್ಚಾಯಿತು. ಅದರಲ್ಲಿ ಒಬ್ಬರು 'ನೀನು ನನ್ನ ಮಗಳ ಮದುವೆಯ ಐಸ್‌ಕ್ರೀಮಿಗೂ ಹೆಸರಿಟ್ಟಿದ್ದಿ' ಎಂದು ಬರೆದು ಅಳಿಸಿದರು. ಅಳಿಸುವ ಮೊದಲು ಎಲ್ಲರೂ ಓದಿಯಾಗಿತ್ತು.

ರಾಘು: ಜೂನಲ್ಲಿ ಅಂದ್ರಲ್ಲ? ಬಜ್ಪೆ ಗುಡ್ಡದ ಮೇಲಿನ ರನ್‌ವೇ. ಮೋಡ ಕೆಳಗೆ ಕೂತರೆ ಇಳಿಸುವುದಿಲ್ಲ, ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸ್ತಾರೆ. ಬೆಂಗಳೂರಿಗೇ ಹೋದರೆ ವಿದ್ಯಾಳ ಲೆಕ್ಕ ಸುಲಭ.

ಬೆಂಗಳೂರು ಅತ್ತೆ: ಬಿಡ್ತು ಅನ್ನು! ಪ್ರಯಾಣದ ಮಾತಾಡುವಾಗ ಅಪಶಕುನ.

ವಿದ್ಯಾ ದುಬೈ: ಎಲ್ಲರಿಗೂ ನಮಸ್ಕಾರ. ಸೂಟ್‌ಕೇಸ್ ಎಲ್ಲಿ ಇಡುವುದು?

ಎಕ್ಕಾರು ದೊಡ್ಡಪ್ಪ: ಇಲ್ಲಿ ಇಡು ಮಗಾ. ಕಾರು ಕಳಿಸ್ತೇನೆ. ಬ್ಯಾಗ್ ಚಾವಡಿಯಲ್ಲಿಟ್ಟು ಕಟೀಲಿಗೆ ಹೋಗಿ ಬಾ, ಹನ್ನೊಂದಕ್ಕೆ ಊಟ ಹಾಕ್ತೇವೆ. ಊಟ ಆಗದೆ ಬ್ಯಾಗ್ ಕೊಡುವುದಿಲ್ಲ.

ಪ್ರಸಾದ: ದೊಡ್ಡಪ್ಪ, ನಾನೂ ಜುಲೈಯಲ್ಲಿ ಬರ್ತೇನೆ. ಒಂದು ಸಣ್ಣ ಬ್ಯಾಗ್ ಅಷ್ಟೇ.

ಎಕ್ಕಾರು ದೊಡ್ಡಪ್ಪ: ನಿನ್ನದು ಅಂಗಳದಲ್ಲಿ.