ಝರ್ರೆನ್ನುವ ತಂತಿ, ಗುಂಯ್‌ಗುಡುವ ಪಿಕಪ್

ಶೀನ ತನ್ನ ಎಲೆಕ್ಟ್ರಿಕ್ ಗಿಟಾರಿಗೆ ತಂತಿಯ ಕಂಪನವನ್ನು ಹಿಡಿಯುವ ಹೊಸ ಪಿಕಪ್‌ಗಳನ್ನು ಹಾಕಿಸುವುದಾಗಿ ಘೋಷಿಸಿದ ಕೂಡಲೇ ನಮ್ಮ ಶನಿವಾರದ ಕೂಟದಲ್ಲಿ ಎರಡು ಪಕ್ಷಗಳಾದವು. ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಎಲ್ಲಿ ಒತ್ತಿದರೂ ತಂತಿ ಝರ್ರೆನ್ನುತ್ತದೆ, ಆದ್ದರಿಂದ ಪಿಕಪ್ ಕೆಟ್ಟಿದೆ ಎಂಬುದು ಅವನ ತರ್ಕ.

"ಧ್ವನಿ ಹಿಗ್ಗಿಸುವ ಆಂಪ್‌ಗೆ ಜೋಡಿಸದೆ ನುಡಿಸಿ ನೋಡಿದೆಯಾ?" ಎಂದು ನಾಗೇಶ ಕೇಳಿದ.

"ನೋಡಿದೆ. ಆಗ ಇನ್ನೂ ಚೆನ್ನಾಗಿ ಝರ್ರೆನ್ನುತ್ತದೆ."

"ಹಾಗಾದರೆ ಪಿಕಪ್‌ನ ತಪ್ಪೇನಯ್ಯಾ? ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆಯನ್ನು ಸುತ್ತಿಕೊಂಡು ಕುಳಿತಿರುವ ಆ ಬಡಪಾಯಿ, ಮೇಲಿನ ಉಕ್ಕಿನ ತಂತಿ ಹೇಗೆ ಕಂಪಿಸಿತೋ ಹಾಗೆಯೇ ಆಂಪ್‌ಗೆ ವರದಿ ಒಪ್ಪಿಸುತ್ತದೆ. ದುಬಾರಿ ಪಿಕಪ್ ಹಾಕಿಸಿದರೆ ಅದೇ ಝರ್ರನ್ನು ಮತ್ತಷ್ಟು ಸ್ಪಷ್ಟವಾಗಿ ಕೇಳುವ ಭಾಗ್ಯ ನಿನ್ನದಾಗುತ್ತದೆ."

"ಕುಣಿಯಲಾರದವನಿಗೆ ನೆಲ ಡೊಂಕು" ಎಂದು ರಘು ಗೊಣಗಿದ.

ನಾಗೇಶ ಅದನ್ನೂ ಒಪ್ಪಲಿಲ್ಲ. ಗಿಟಾರಿನ ನೆಕ್, ಅಂದರೆ ಕತ್ತು, ತುಸು ಡೊಂಕಾಗಿಯೇ ಇರಬೇಕು, ನಡುವೆ ಕೂದಲೆಳೆಯಷ್ಟು ತಗ್ಗಿದ್ದರೆ ಮಾತ್ರ ತಂತಿಗೆ ಓಲಾಡಲು ಜಾಗ ಸಿಗುತ್ತದೆ, ಇವನ ನೆಲ ಡೊಂಕಾಗದಿರುವುದೇ ಇಲ್ಲಿನ ರೋಗ ಎಂದು ಅವನು ವಾದಿಸಿದ. ಪಾಟೀಸವಾಲು ನಡೆದಾಗ, ಬೆರಳು ನೋಯುತ್ತದೆಂದು ಶೀನ 10ರ ದಪ್ಪದ ತಂತಿಗಳನ್ನು ತೆಗೆದು ಅದಕ್ಕಿಂತ ತೆಳುವಾದ 9ರ ತಂತಿಗಳನ್ನು ಹಾಕಿರುವುದು ಬಯಲಾಯಿತು. ತೆಳು ತಂತಿಗಳ ಎಳೆತ ಕಡಿಮೆ. ಇದುವರೆಗೆ ಅವುಗಳಿಗೆ ಎದುರಾಗಿ ಸೆಣಸುತ್ತಿದ್ದ, ನೆಕ್‌ನೊಳಗಿನ ಉಕ್ಕಿನ ಟ್ರಸ್ ರಾಡ್ ಈಗ ಗೆದ್ದು, ನೆಕ್ಕನ್ನು ಹಿಂದಕ್ಕೆ ಬಾಗಿಸಿತ್ತು.

ಮೊದಲ ಫ್ರೆಟ್‌ನಲ್ಲಿ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಚಿಮಟ) ಹಾಕಿ, ನೆಕ್ ದೇಹಕ್ಕೆ ಸೇರುವಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿದಾಗ, ಏಳೆಂಟನೆಯ ಫ್ರೆಟ್‌ಗಳ ಮೇಲೆ ಸುಮಾರು 0.25 ಮಿಲಿಮೀಟರ್ ಸಂದು ಕಾಣಬೇಕು. ರಘುವಿನ ವಿಸಿಟಿಂಗ್ ಕಾರ್ಡನ್ನು ತೂರಿಸಲು ನೋಡಿದೆವು. ಕಾರ್ಡ್ ಹೋಗಲಿ, ಅದರ ಮೂಲೆಯೂ ಒಳಹೊಗಲಿಲ್ಲ. ಟ್ರಸ್ ರಾಡನ್ನು ಸಡಿಲಿಸಲು ನಾಗೇಶ ಅಲೆನ್ ಕೀಯನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಮತ್ತೆ ಕಾರ್ಡ್ ತೂರಿಸಿದ. "ಒಂದೇ ಸಲ ಪೂರ್ತಿ ತಿರುಗಿಸಿಬಿಡು, ಕಾಫಿ ಆರುತ್ತಿದೆ" ಎಂದ ಶೀನನಿಂದ ಕೀಯನ್ನು ದೂರವಿಡುವ ಹೊಣೆ ನನ್ನದಾಯಿತು. ಅವಸರಗಾರರಿಗೆ ಟ್ರಸ್ ರಾಡ್ ಇರುವುದನ್ನೇ ತಿಳಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಕಾಲು ಸುತ್ತಿಗೆ ಕಾರ್ಡ್ ತೂರಿತು, ಝರ್ರು ನಿಂತಿತು. ಒತ್ತದೆ ಬಿಟ್ಟ ತಂತಿ ಮಾತ್ರ ಝರ್ರೆಂದಿದ್ದರೆ ನಟ್ (ಗಿಟಾರಿನ ತಲೆಯ ಬಳಿ ತಂತಿಗಳನ್ನು ಹೊರುವ ಪಟ್ಟಿ) ಸವೆದಿದೆ ಎಂದೂ, ಒಂದೇ ಜಾಗದಲ್ಲಿ ಝರ್ರೆಂದಿದ್ದರೆ ಮುಂದಿನ ಫ್ರೆಟ್ ಎದ್ದಿದೆ ಎಂದೂ ಶಂಕಿಸಬೇಕಿತ್ತಂತೆ.

ಶೀನ ಸೋಲೊಪ್ಪಲಿಲ್ಲ. "ಕೈ ತಂತಿಯ ಮೇಲಿಲ್ಲದಾಗಲೂ ಆಂಪ್‌ನಲ್ಲಿ ಗುಂಯ್ ಎನ್ನುತ್ತದಲ್ಲ, ಅದಕ್ಕೇನು ಹೇಳುತ್ತೀಯ?"

ಈ ಸಲ ನಾಗೇಶ ಒಪ್ಪಿ ತಲೆಯಾಡಿಸಿದ. ಒಂಟಿ ಸುರುಳಿಯ ಪಿಕಪ್ ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ಕಾರವನ್ನು ಆಂಟೆನಾದಂತೆ ಹೀರಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ರೂಪಿಸಿದ ಹಂಬಕರ್‌ನಲ್ಲಿ ಎರಡು ಸುರುಳಿಗಳಿದ್ದು, ಅವುಗಳ ಸುತ್ತೂ ಕಾಂತಧ್ರುವವೂ ಪರಸ್ಪರ ವಿರುದ್ಧವಾಗಿರುವುದರಿಂದ ಗುಂಯ್ಕಾರ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಶೀನನದು ಒಂಟಿ ಸುರುಳಿಯ ಪಿಕಪ್‌ಗಳ ಸ್ಟ್ರಾಟೊಕ್ಯಾಸ್ಟರ್ ಮಾದರಿಯಾದ್ದರಿಂದ, ಪಿಕ್‌ಗಾರ್ಡ್ (ಗಿಟಾರಿನ ಮೈ ಮೇಲಿನ ರಕ್ಷಾಫಲಕ) ಕೊರೆಯದೆ ಕೂರುವ ಕಿರಿಯ ಅಳತೆಯ ಹಂಬಕರ್ ಸಾಕು.

"ಆದರೆ ಜೋರಾಗಿ ಕೇಳಲೆಂದು ಅದನ್ನು ತಂತಿಗೆ ತೀರ ಹತ್ತಿರ ಎತ್ತಬೇಡ. ಅಯಸ್ಕಾಂತ ತಂತಿಯನ್ನೇ ಜಗ್ಗಿ, ಅಪಸ್ವರ ಹೊರಡಿಸೀತು."

"ಬೆಸುಗೆಯನ್ನು ನಾನೇ ಹಾಕುತ್ತೇನೆ" ಎಂದು ಶೀನ ಉತ್ಸಾಹದಿಂದ ಎದ್ದ. ಹೋದ ದೀಪಾವಳಿಗೆ ಅವನು ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿ ಇಡೀ ಮನೆಯ ಫ್ಯೂಸ್ ಹಾರಿಸಿದ್ದನ್ನು ಅವನ ಅಕ್ಕ ಅಡುಗೆಮನೆಯಿಂದಲೇ ನೆನಪಿಸಿದ ಮೇಲೆ, ಆ ಕೆಲಸವೂ ನಾಗೇಶನ ಪಾಲಿಗೇ ಬಂತು.