ಗಿಡ್ಡ ಐರಿಸ್: ಮೊದಲ ವರ್ಷ ಹೂವು, ಎರಡನೇ ವರ್ಷ ಬರೀ ಎಲೆ. ಏನು ಮಾಡಲಿ?

ಲೆಸ್ಟರ್ ಹಿತ್ತಲು:
ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಹೋದ ವರ್ಷಕ್ಕೂ ಹಿಂದಿನ ಸೆಪ್ಟೆಂಬರ್‌ನಲ್ಲಿ ಎರಡು ಬಗೆಯ ಗಿಡ್ಡ ಐರಿಸ್ ಗೆಡ್ಡೆ ತಂದು ಹಿತ್ತಲ ಪಾತಿಯಲ್ಲಿ ನೆಟ್ಟೆವು. ಒಂದು ರೆಟಿಕ್ಯುಲಾಟಾ ಗುಂಪಿನ ನೀಲಿ ‘ಹಾರ್ಮನಿ’. ಇನ್ನೊಂದು ಹಳದಿ ಡ್ಯಾನ್‌ಫೋರ್ಡಿಯೆ. ಆಮೇಲಿನ ಫೆಬ್ರವರಿ ಕೊನೆಗೆ, ಬೇರೆ ಏನೂ ಅರಳದ ಹೊತ್ತಿನಲ್ಲಿ, ಎರಡೂ ಪಾತಿ ತುಂಬ ಅರಳಿದ್ದವು.

ಈ ವರ್ಷ ಹಾರ್ಮನಿಯಲ್ಲಿ ಅಲ್ಲೊಂದು ಇಲ್ಲೊಂದು ಹೂವು. ಹಳದಿಯದರಲ್ಲಿ ಒಂದೂ ಇಲ್ಲ. ಎಲೆ ಮಾತ್ರ ತೆಳ್ಳಗೆ, ಗುಂಪುಗುಂಪಾಗಿ ಬಂದಿದೆ. ಈಗ ಏಪ್ರಿಲ್, ಎಲೆ ಇನ್ನೂ ಹಸಿರಾಗಿದೆ. ನಮ್ಮದು ಜೇಡಿಮಣ್ಣು. ಮೂರು ಇಂಚು ಆಳದಲ್ಲಿ ನೆಟ್ಟಿದ್ದೆವು. ಗೆಡ್ಡೆ ಕೆಟ್ಟಿದೆಯಾ? ಕಿತ್ತು ಹಾಕಬೇಕಾ, ಇನ್ನೊಂದು ವರ್ಷ ಕಾಯಬೇಕಾ?

ಕುಂಡ ಪ್ರೇಮಿ:
ಐರಿಸ್ ಗೆಡ್ಡೆಯ ಬೆನ್ನು ಮಣ್ಣಿನ ಮೇಲೆ ಕಾಣಬೇಕು, ಅದಕ್ಕೆ ಬಿಸಿಲು ಬೀಳಬೇಕು. ಅಮೆರಿಕದಲ್ಲಿರುವ ನಮ್ಮ ಚಿಕ್ಕಮ್ಮ ಹಾಗೇ ನೆಡುತ್ತಾರೆ, ಚೆನ್ನಾಗಿ ಬರುತ್ತದೆ. ನೀವು ಜಾಸ್ತಿ ಆಳಕ್ಕೆ ನೆಟ್ಟಿದ್ದೀರಿ. ಮೇಲಕ್ಕೆತ್ತಿ ನೋಡಿ.

ಹಿಮದ ಹೂವು:
ದಯವಿಟ್ಟು ಮೇಲಕ್ಕೆತ್ತಬೇಡಿ! ಚಿಕ್ಕಮ್ಮ ಮಾಡುವುದು ಸರಿಯೇ, ಆದರೆ ಅವರದು ಬಿಯರ್ಡೆಡ್ ಐರಿಸ್ ಇರಬೇಕು. ಅದು ರೈಜೋಮ್‌ನಿಂದ, ಅಂದರೆ ಶುಂಠಿಯಂಥ ಗೆಡ್ಡೆಯಿಂದ ಬೆಳೆಯುತ್ತದೆ, ರೈಜೋಮ್ ಅಡ್ಡಡ್ಡ ಹರಡುತ್ತದೆ, ಅದಕ್ಕೆ ಮೇಲೆ ಬಿಸಿಲು ಬೇಕು. ರೆಟಿಕ್ಯುಲಾಟಾ, ಡ್ಯಾನ್‌ಫೋರ್ಡಿಯೆ, ಡಚ್ ಐರಿಸ್, ಇವೆಲ್ಲ ಈರುಳ್ಳಿಯಂಥ ನಿಜವಾದ ಬಲ್ಬ್‌ಗಳು. ಮಣ್ಣಿನೊಳಗೇ ಇರಬೇಕು. ನಿಮ್ಮ ಹಳದಿಯದಕ್ಕಂತೂ ಮೂರು ಇಂಚು ಸಾಲದು.

ಕಾರಣ ಹೇಳುವ ಮುಂಚೆ ಮೂರು ವಿಷಯ ತಿಳಿಯಬೇಕು. ಬೇಸಿಗೆಯಲ್ಲಿ ಅದೇ ಪಾತಿಯಲ್ಲಿ ಬೇರೆ ಏನಾದರೂ ಬೆಳೆಯುತ್ತೀರಾ? ಹೂವು ಬಾಡಿದ ಮೇಲೆ ಎಲೆಯನ್ನು ಎಷ್ಟು ದಿನ ಬಿಟ್ಟಿರಿ? ಮೂರನೆಯದು, ಪಾತಿಯ ಅಂಚಿನಿಂದ ಒಂದೊಂದು ಗಿಡ ಮೆಲ್ಲಗೆ ಅಗೆದು, ಮಣ್ಣು ಒರೆಸಿ, ಹೊರಗಿನ ಬಲೆ ಬಲೆಯಾದ ಸಿಪ್ಪೆ ಬಿಡಿಸಿ ನೋಡಿ. ಒಳಗೆ ಏನು ಕಾಣುತ್ತದೆ ಅಂತ ಹೇಳಿ.

ಲೆಸ್ಟರ್ ಹಿತ್ತಲು:
ಜೂನ್‌ನಿಂದ ಆಗಸ್ಟ್‌ವರೆಗೆ ಆ ಪಾತಿಯಲ್ಲಿ ಮೆಂತ್ಯ, ಕೊತ್ತಂಬರಿ, ದಂಟಿನಸೊಪ್ಪು. ಸಂಜೆ ದಿನಾ ನೀರು. ಐರಿಸ್ ಎಲೆ ಹೂವಾದ ಮೇಲೆ ಒಂದಡಿ ಉದ್ದ ಬೆಳೆದು ಬಿದ್ದುಕೊಳ್ಳುತ್ತಿತ್ತು. ಬೀಜ ಹಾಕಲು ಜಾಗ ಬೇಕಿತ್ತಲ್ಲ, ಏಪ್ರಿಲ್‌ನಲ್ಲೇ ಕತ್ತರಿಸಿದೆವು.

ಅಗೆದು ನೋಡಿದೆ. ಹಾರ್ಮನಿಯ ಒಂದು ಗೆಡ್ಡೆ ಇದ್ದ ಕಡೆ ಮೂರಿವೆ. ಒಂದು ಸ್ವಲ್ಪ ದಪ್ಪ, ಎರಡು ಸಣ್ಣವು. ಸಿಪ್ಪೆ ಕಂದು, ಒಳಗೆ ಬೆಳ್ಳಗಿದೆ, ಒತ್ತಿದರೆ ಗಟ್ಟಿ. ಹಳದಿಯದರಲ್ಲಿ ದೊಡ್ಡ ಗೆಡ್ಡೆಯೇ ಇಲ್ಲ! ಹಳೇ ಸಿಪ್ಪೆಯೊಳಗೆ ಅಕ್ಕಿಕಾಳಿನಷ್ಟು ಸಣ್ಣ ಮರಿಗಳು, ಒಂದಕ್ಕೊಂದು ಅಂಟಿಕೊಂಡು ಕೂತಿವೆ.

ಹಿಮದ ಹೂವು:
ಒಳ್ಳೆಯ ಸುದ್ದಿ ಮೊದಲು. ಗೆಡ್ಡೆ ಗಟ್ಟಿಯಾಗಿ ಬೆಳ್ಳಗಿದೆ ಅಂದರೆ ರೋಗ ಇಲ್ಲ. ಈ ಐರಿಸ್‌ಗಳಿಗೆ ಕಾಡುವುದು ಶಾಯಿ ರೋಗ. ಅದೊಂದು ಶಿಲೀಂಧ್ರ. ಬಂದರೆ ಸಿಪ್ಪೆಯ ಮೇಲೆ ಕರೀ ಮಚ್ಚೆ ಹರಡಿ ಗೆಡ್ಡೆ ಒಳಗಿಂದ ಕೊಳೆಯುತ್ತದೆ. ಅಂಥದ್ದು ಕಂಡರೆ ಗೆಡ್ಡೆ ಕಿತ್ತು ಕಸಕ್ಕೆ ಹಾಕಬೇಕು, ಕಾಂಪೋಸ್ಟ್‌ಗೆ ಬೇಡ, ಮತ್ತೆ ಅದೇ ಜಾಗದಲ್ಲಿ ಐರಿಸ್ ನೆಡಲೂ ಬೇಡ. ನಿಮಗೆ ಆ ಕಷ್ಟ ಬಂದಿಲ್ಲ.

ನಿಮ್ಮ ಗೆಡ್ಡೆ ಸತ್ತಿಲ್ಲ, ಒಡೆದಿದೆ. ರೆಟಿಕ್ಯುಲಾಟಾ ಗುಂಪಿನದೆಲ್ಲ ಹೂ ಬಿಟ್ಟ ಮೇಲೆ ಮರಿ ಹಾಕುತ್ತದೆ. ಅಂಗಡಿಯಲ್ಲಿ ಸಿಗುವ ಹೂ ಬಿಡುವ ಗೆಡ್ಡೆಯ ಸುತ್ತಳತೆ ಸುಮಾರು 5ರಿಂದ 6 ಸೆಂ.ಮೀ. ಮರಿ ಅಷ್ಟಾಗುವವರೆಗೆ ಎಲೆ ಮಾತ್ರ ಬಿಡುತ್ತದೆ. ಅದಕ್ಕೆ ಎರಡು ಮೂರು ವರ್ಷ ಬೇಕು. ಡ್ಯಾನ್‌ಫೋರ್ಡಿಯೆ ಈ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಒಮ್ಮೆ ಅರಳಿ ಪೂರ್ತಿ ಚೂರಾಗಿಬಿಡುತ್ತದೆ. ಇಲ್ಲಿನ ಎಷ್ಟೋ ತೋಟಗಾರರು ಅದನ್ನು ಪ್ರತಿವರ್ಷ ಹೊಸದಾಗಿ ಕೊಂಡು ನೆಡುತ್ತಾರೆ.

ಈಗ ಮುಖ್ಯ ಮಾತು. ಹೂವು ಅರಳುವ ತಿಂಗಳ ಬಗ್ಗೆ ನಾವೆಲ್ಲ ಯೋಚಿಸುತ್ತೇವೆ, ಆದರೆ ಮುಂದಿನ ವರ್ಷದ ಹೂವಿಗೆ ಬಲ ಬರುವುದು ಹೂವು ಬಾಡಿದ ಮೇಲೆ. ಮಾರ್ಚ್‌ನಿಂದ ಮೇ ಕೊನೆವರೆಗೆ ಆ ಉದ್ದನೆ ಎಲೆ ಇದೆಯಲ್ಲ, ಅದೇ ಗೆಡ್ಡೆಗೆ ಊಟ ಹಾಕುವುದು. ಏಪ್ರಿಲ್‌ನಲ್ಲಿ ಕತ್ತರಿಸಿದರೆ ಮರಿಗಳು ಅರೆಹೊಟ್ಟೆಯಲ್ಲೇ ಮಲಗುತ್ತವೆ. ಗಂಟು ಕಟ್ಟುವುದು, ಹೆಣೆಯುವುದೂ ಬೇಡ. ತಾನಾಗೇ ಹಳದಿಯಾಗಿ, ಎಳೆದರೆ ಕೈಗೆ ಬರುವವರೆಗೆ ಬಿಡಿ.

ಇನ್ನೊಂದು ಕಾರಣ ನೀರು. ಇವುಗಳ ತವರು ಪೂರ್ವ ಟರ್ಕಿ, ಕಾಕಸಸ್, ಇರಾನ್ ಕಡೆಯ ಬೆಟ್ಟಗಳು. ಅಲ್ಲಿ ಹಿಮ ಕರಗುವಾಗ ಬೇಕಾದಷ್ಟು ನೀರು, ಆಮೇಲೆ ಬೇಸಿಗೆಯಿಡೀ ಮಣ್ಣು ಕಾದು ಒಣಗಿರುತ್ತದೆ. ಆ ಒಣ ಬಿಸಿಯಲ್ಲೇ ಗೆಡ್ಡೆ ಮಾಗಬೇಕು. ನಿಮ್ಮ ಸೊಪ್ಪಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅದರ ಮೇಲೆ ನೀರು ಹಿಡಿದಿಡುವ ಜೇಡಿಮಣ್ಣು. ಎರಡನ್ನೂ ಒಂದೇ ಪಾತಿಯಲ್ಲಿ ಸಾಕಲು ಆಗುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐರಿಸ್ ಗೆಡ್ಡೆ ವಿಷ. ತಿಂದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಅಡುಗೆಗೆ ಕೊಯ್ಯುವ ಜಾಗದಲ್ಲಿ ಅದು ಇರಲೇಬಾರದು, ಮಕ್ಕಳಿರುವ ಮನೆಯಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಹಾಗಾಗಿ ಈ ವರ್ಷ ಹೀಗೆ ಮಾಡಿ. ಎಲೆ ಹಸಿರಿರುವಷ್ಟು ದಿನ ಮಣ್ಣು ಒಣಗಲು ಬಿಡಬೇಡಿ. ಟೊಮ್ಯಾಟೊಗೆ ಹಾಕುವ ಪೊಟ್ಯಾಷ್ ಜಾಸ್ತಿ ಇರುವ ದ್ರವಗೊಬ್ಬರವನ್ನು ಅರ್ಧ ಪ್ರಮಾಣಕ್ಕೆ ತೆಳು ಮಾಡಿ ಹದಿನೈದು ದಿನಕ್ಕೊಮ್ಮೆ ಕೊಡಿ. ನೈಟ್ರೋಜನ್ ಜಾಸ್ತಿ ಇರುವ ಲಾನ್ ಗೊಬ್ಬರ ಮಾತ್ರ ಬೇಡ, ಅದರಿಂದ ಎಲೆ ಸೊಕ್ಕುತ್ತದೆ, ಗೆಡ್ಡೆ ಮೆತ್ತಗಾಗುತ್ತದೆ. ಜೂನ್‌ನಲ್ಲಿ ಎಲೆ ಒಣಗಿದ ಮೇಲೆ ಎಲ್ಲ ಅಗೆದು ತೆಗೆಯಿರಿ. ಮಣ್ಣು ಉದುರಿಸಿ, ಕಾಗದದ ಚೀಲದಲ್ಲಿ, ಗಾಳಿಯಾಡುವ ಒಣ ಶೆಡ್‌ನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಬೇರೆ ಜಾಗದಲ್ಲಿ, ಇಲ್ಲವೇ ಕುಂಡದಲ್ಲಿ ನೆಡಿ. ಕುಂಡವಾದರೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಜಲ್ಲಿಪುಡಿ ಬೆರೆಸಿ. ಹಾರ್ಮನಿಗೆ 10 ಸೆಂ.ಮೀ. ಆಳ ಸಾಕು. ಹಳದಿಯದನ್ನು 15 ಸೆಂ.ಮೀ.ಗಿಂತ ಕೆಳಗೆ ಇಳಿಸಿ, ಆಳದಲ್ಲಿ ಅದು ಒಡೆಯುವುದು ಕಡಿಮೆ.

ಟೊರೊಂಟೊ ತೋಟ:
ಇದೆಲ್ಲ ಸರಿ, ಒಂದು ಮಾತು ಸೇರಿಸುತ್ತೇನೆ. ನೆಲದಲ್ಲೇ ಬೇಕು ಅನ್ನುವವರು ಎಲೆ ಉದುರುವ ಮರದ ಅಥವಾ ಪೊದೆಯ ಬುಡದಲ್ಲಿ ನೆಡಿ. ಐರಿಸ್ ಅರಳುವಾಗ ಮರ ಬೋಳಾಗಿರುತ್ತದೆ, ಬಿಸಿಲು ನೇರ ಬೀಳುತ್ತದೆ. ಬೇಸಿಗೆಯಲ್ಲಿ ಮರದ ಬೇರೇ ಸುತ್ತಲ ನೀರು ಹೀರಿ ಜಾಗವನ್ನು ಒಣಗಿಸುತ್ತದೆ. ನಮ್ಮಲ್ಲಿ ಹಾರ್ಮನಿ ಹೀಗೇ ವರ್ಷವರ್ಷ ಬರುತ್ತಿದೆ. ಅಳಿಲು ಟ್ಯೂಲಿಪ್ ಬಿಡುವುದಿಲ್ಲ, ಇದನ್ನು ಮಾತ್ರ ಮುಟ್ಟುವುದಿಲ್ಲ.

ಬಣ್ಣ ಬೇಕು ಅಂದರೆ ನಮ್ಮೂರಿನವರೇ ಆದ ಅಲನ್ ಮ್ಯಾಕ್‌ಮರ್ಟ್ರಿ ಬೆಳೆಸಿದ ತಳಿಗಳನ್ನು ನೋಡಿ. ಟರ್ಕಿಯ ಕಾಡು ಐರಿಸ್‌ಗಳನ್ನು ತಂದು ವರ್ಷಗಟ್ಟಲೆ ಅಡ್ಡತಳಿ ಮಾಡಿದವರು ಅವರು. ‘ಐ ಕ್ಯಾಚರ್’ ಅಂತ ಒಂದಿದೆ. ಬಿಳಿ ಎಸಳು, ಕೆಳಗಿನ ಎಸಳ ತುದಿಯಲ್ಲಿ ನೀಲಿ, ನಡುವೆ ಹಳದಿ. ಬಗ್ಗಿ ಹತ್ತಿರದಿಂದ ನೋಡಿದರೇ ಅದರ ಚೆಂದ ತಿಳಿಯುವುದು.

ಕುಂಡ ಪ್ರೇಮಿ:
ಓ, ಎರಡೂ ಬೇರೆ ಬೇರೆ ಅಂತ ಗೊತ್ತಿರಲಿಲ್ಲ, ಥ್ಯಾಂಕ್ಸ್. ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿ ಕುಂಡದಲ್ಲಿ ರೆಟಿಕ್ಯುಲಾಟಾ ಬರುತ್ತದಾ?

ಹಿಮದ ಹೂವು:
ಬರುವುದಿಲ್ಲ. ಹೂ ಬಿಡಲು ಅದಕ್ಕೆ ಸುಮಾರು ಮೂರು ತಿಂಗಳ ಗಟ್ಟಿ ಚಳಿ ಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸು, ಅದು ಸಾಲದು. ಸುಮ್ನೆ ದುಡ್ಡು ಕಳೆಯಬೇಡಿ. ಅಲ್ಲಿಗೆ ವಾಕಿಂಗ್ ಐರಿಸ್ ಹೊಂದುತ್ತದೆ. ಕಿತ್ತಳೆ ಎಸಳ ಮೇಲೆ ಚುಕ್ಕಿ ಇರುವ ಬ್ಲ್ಯಾಕ್‌ಬೆರಿ ಲಿಲಿಯೂ ಹೊಂದುತ್ತದೆ. ಅದೂ ಐರಿಸ್ ಕುಲದ್ದೇ.

ಲೆಸ್ಟರ್ ಹಿತ್ತಲು:
ತುಂಬಾ ಉಪಕಾರವಾಯಿತು. ಗೆಡ್ಡೆಗಳನ್ನು ಕುಂಡಕ್ಕೇ ಹಾಕುತ್ತೇನೆ, ಪಾತಿ ಸೊಪ್ಪಿಗೆ ಇರಲಿ. ಕೊನೆಯದೊಂದು ಪ್ರಶ್ನೆ. ಗೇಟಿನ ಹತ್ತಿರ ಡಚ್ ಐರಿಸ್ ಕೂಡ ಇದೆ. ಅಕ್ಟೋಬರ್‌ನಲ್ಲಿ ನೆಟ್ಟದ್ದು ಚಳಿಗಾಲಕ್ಕೂ ಮುಂಚೆಯೇ ಎಲೆ ಬಿಟ್ಟಿತು. ಮಂಜಿಗೆ ತುದಿ ಸುಟ್ಟಿದೆ, ಇನ್ನೂ ಹೂವಿಲ್ಲ. ಅದಕ್ಕೂ ಇದೇ ಗತಿಯಾ?

ಹಿಮದ ಹೂವು:
ಇಲ್ಲ, ಅದಕ್ಕೆ ಏನೂ ಆಗಿಲ್ಲ. ಡಚ್ ಐರಿಸ್‌ನ ಮೂಲ ಸ್ಪೇನ್, ಪೋರ್ಚುಗಲ್, ಮೊರಾಕ್ಕೊ ಕಡೆಯ ಜಾತಿಗಳು. ಚಳಿಗಾಲದ ಮಳೆಯಲ್ಲಿ ಬೆಳೆಯುವುದು ಅವುಗಳ ಅಭ್ಯಾಸ, ಅದಕ್ಕೇ ಮುಂಚಿತವಾಗಿ ಎಲೆ ಬಿಡುತ್ತದೆ. ತುದಿ ಸುಟ್ಟರೂ ಬುಡ ಗಟ್ಟಿಯಿದ್ದರೆ ಚಿಂತೆಯಿಲ್ಲ. ಅದರ ಹೂವಿನ ಕಾಲ ಮೇ ಕೊನೆ, ಜೂನ್. ಎಲೆಯ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ನೋಡಿ. ಒಳಗೆ ಉಬ್ಬಿದಂತೆ ಗಟ್ಟಿಯಾಗಿ ಸಿಕ್ಕರೆ ಮೊಗ್ಗು ಏರುತ್ತಿದೆ ಅಂತ. ಈಗ ಮಳೆ ಕೈಕೊಟ್ಟರೆ ನೀರು ಹಾಕಿ, ಮೊಗ್ಗು ಏರುವಾಗ ಬುಡ ಒಣಗಿದರೆ ಅದು ಒಳಗೇ ಬತ್ತಿಹೋಗುತ್ತದೆ.